ಹಾಸ್ಟೆಲ್ ಕೋಣೆಯ ಕುಲಪತಿ: ಎಚ್. ನರಸಿಂಹಯ್ಯ ಮತ್ತು ಜ್ಞಾನಭಾರತಿ

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ರೂಪುಗೊಂಡ ಮೊದಲ ವರ್ಷಗಳಲ್ಲಿ ಅದರ ಕುಲಪತಿಯಾಗಿದ್ದವರು ಭೌತವಿಜ್ಞಾನಿ ಎಚ್. ನರಸಿಂಹಯ್ಯ. 1972ರಿಂದ 1977ರವರೆಗೆ ಅವರು ಆ ಹುದ್ದೆಯಲ್ಲಿದ್ದರು. ಆ ಅವಧಿಯಲ್ಲೂ ಅವರ ವಾಸ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿತ್ತು. ಮೈಮೇಲೆ ಬಿಳಿಯ ಖಾದಿ ಪಂಚೆ, ಜುಬ್ಬ, ತಲೆಯ ಮೇಲೆ ಗಾಂಧಿ ಟೋಪಿ. ಎಲ್ಲರೂ ಅವರನ್ನು ಎಚ್ಚೆನ್ ಎಂದೇ ಕರೆಯುತ್ತಿದ್ದರು. ಒಬ್ಬ ವ್ಯಕ್ತಿ ತನಗೆ ತಾನೇ ಹಾಕಿಕೊಂಡ ನಿಯಮಗಳು ಅವನ ಸ್ವಭಾವವನ್ನು ಹೇಗೆ ಕಟ್ಟುತ್ತವೆ, ಆ ಸ್ವಭಾವ ಒಂದು ಸಂಸ್ಥೆಯನ್ನು ಎಷ್ಟರ ಮಟ್ಟಿಗೆ ತಿದ್ದುತ್ತದೆ ಎಂಬುದನ್ನು ನೋಡಲು ಬೆಂಗಳೂರಿನ ಪಶ್ಚಿಮ ಭಾಗದ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಉಲ್ಲಾಳ ಈ ಆವರಣದ ಪಶ್ಚಿಮದ ನೆರೆ. ರಾಣಿ ಅಬ್ಬಕ್ಕನ ಕರಾವಳಿಯ ಉಳ್ಳಾಲ ಬೇರೆ. ಇದು ಕೆಂಗೇರಿ, ನಾಗರಭಾವಿ, ಮಲ್ಲತ್ತಹಳ್ಳಿಗಳ ನಡುವಿನ ಊರು. ನಗರ ಇಲ್ಲಿಯವರೆಗೆ ಚಾಚಿಕೊಳ್ಳುವ ಮೊದಲು ಇದು ಕೆರೆ, ರಾಗಿ ಹೊಲಗಳ ಹಳ್ಳಿಯಾಗಿತ್ತು. 1964ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಕೈಗೆ ಬಂದದ್ದು ನಗರದ ನಡುವಿನ ಎರಡು ಹಳೆಯ ಕಾಲೇಜುಗಳು. ಒಂದು, 1858ರಲ್ಲಿ ಪ್ರೌಢಶಾಲೆಯಾಗಿ ಆರಂಭವಾಗಿ ಬೆಳೆದ ಸೆಂಟ್ರಲ್ ಕಾಲೇಜು. ಇನ್ನೊಂದು, 1917ರಲ್ಲಿ ಮೈಸೂರಿನ ದಿವಾನ ವಿಶ್ವೇಶ್ವರಯ್ಯನವರ ಕಾಲದಲ್ಲಿ ಹುಟ್ಟಿದ ಎಂಜಿನಿಯರಿಂಗ್ ಕಾಲೇಜು. ಹೊಸ ವಿಭಾಗಗಳಿಗೆ ಅಲ್ಲಿ ಜಾಗ ಸಾಲಲಿಲ್ಲ. ಹೀಗಾಗಿ ಮೈಸೂರು ರಸ್ತೆಯಿಂದ ನಾಗರಭಾವಿ, ಉಲ್ಲಾಳದ ಕಡೆಗೆ ಹರಡಿದ ಸುಮಾರು 1,100 ಎಕರೆ ಭೂಮಿ ವಿಶ್ವವಿದ್ಯಾಲಯಕ್ಕೆ ದೊರೆಯಿತು. 1973ರ ಹೊತ್ತಿಗೆ ಜ್ಞಾನಭಾರತಿ ಎಂಬ ಹೆಸರಿನಲ್ಲಿ ಅಲ್ಲಿ ಹೊಸ ಆವರಣ ನೆಲೆಯೂರತೊಡಗಿತು. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತದೆ ಎಂದು ಜನ ನಂಬಿದ ವೃಷಭಾವತಿ ನದಿ ಹರಿದು ಬರುವುದೂ ಈ ಆವರಣದ ಪಕ್ಕದಲ್ಲೇ. ಎಚ್ಚೆನ್ ಅವರ ಬದುಕು ಹಂಚಿಹೋಗಿದ್ದದ್ದು ಆ ನದಿಯ ದಾರಿಯ ಈ ಎರಡು ಜಾಗಗಳ ನಡುವೆ.

ಎಚ್ಚೆನ್ ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ಹಿಂದುಳಿದ ವರ್ಗದ ಬಡ ಕುಟುಂಬ. ಊರಿನ ಶಾಲೆಯಲ್ಲಿ ಓದು ಮುಗಿದ ಮೇಲೆ ಮುಂದಿನ ಓದಿಗೆ 1935ರಲ್ಲಿ ಬೆಂಗಳೂರಿಗೆ ಬಂದರು. ಬಸ್ಸಿಗೆ ಕಾಸಿಲ್ಲದೆ ಎಂಬತ್ತು ಕಿಲೊಮೀಟರಿಗೂ ಮೀರಿದ ಆ ದಾರಿಯನ್ನು ನಡೆದೇ ಕ್ರಮಿಸಿದರು. ಬಡತನ ಅವರಿಗೆ ಯಾರೂ ಕಲಿಸಬೇಕಾದ ಪಾಠವಾಗಿರಲಿಲ್ಲ. ಮುಂದೆ ಅವರು ಆಯ್ದುಕೊಂಡ ಸರಳ ಬದುಕನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕಷ್ಟದಲ್ಲಿ ಬೆಳೆದ ಬಹಳ ಮಂದಿ, ಕೈಗೆ ನಾಲ್ಕು ಕಾಸು ಬಂದ ಕೂಡಲೇ ಆ ಕಷ್ಟದಿಂದ ಆದಷ್ಟು ದೂರ ಓಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಎಚ್ಚೆನ್ ಮಾತ್ರ ಅನಿವಾರ್ಯವಾಗಿ ಬಂದಿದ್ದ ಮಿತವನ್ನು ಅನಿವಾರ್ಯವಲ್ಲದ ಕಾಲದಲ್ಲೂ ಬಿಡಲಿಲ್ಲ. ಬಡತನ ಅಲ್ಲಿ ನಿಯಮವಾಗಿ ಬದಲಾಯಿತು.

ಅವರು ಸೇರಿದ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸಾಮಾನ್ಯ ಶಾಲೆಯಾಗಿರಲಿಲ್ಲ. ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣ ಚಳವಳಿಯ ಪ್ರೇರಣೆಯಿಂದ 1917ರಲ್ಲಿ ಹುಟ್ಟಿದ ಶಾಲೆ ಅದು. ಸರ್ಕಾರಿ ನೌಕರರನ್ನು ತಯಾರಿಸುವುದಕ್ಕಿಂತ ದೇಶದ ಕೆಲಸಕ್ಕೆ ಒದಗುವ ಯುವಕರನ್ನು ಬೆಳೆಸಬೇಕೆಂಬ ಉದ್ದೇಶ ಅದಕ್ಕಿತ್ತು. ಮೇಷ್ಟ್ರುಗಳು ಖಾದಿ ಉಡುತ್ತಿದ್ದರು. ಪಾಠದ ಜೊತೆಗೆ ಸ್ವಾತಂತ್ರ್ಯ ಚಳವಳಿಯ ಮಾತು ಸಹಜವಾಗಿ ಬರುತ್ತಿತ್ತು. 1936ರಲ್ಲಿ ಗಾಂಧೀಜಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಬೆಂಗಳೂರಿಗೆ ಬಂದಿದ್ದ ವರ್ಷ, ಅವರು ಈ ಶಾಲೆಗೂ ಬಂದರು. ಅವರ ಹಿಂದಿ ಮಾತನ್ನು ಕನ್ನಡಕ್ಕೆ ಅನುವಾದಿಸುವ ಅವಕಾಶ ಹೊಸೂರಿನ ಈ ಹುಡುಗನಿಗೆ ಸಿಕ್ಕಿತು. ಗಾಂಧಿಯ ಮಾತುಗಳನ್ನು ಒಮ್ಮೆ ತನ್ನ ಬಾಯಿಂದ ಆಡಿದ ಹದಿಹರೆಯದವನ ಮನಸ್ಸಿನಲ್ಲಿ ಅದು ಎಷ್ಟು ಆಳಕ್ಕೆ ಇಳಿದಿರಬೇಕು ಎಂಬುದನ್ನು ಅವರ ಮುಂದಿನ ಏಳು ದಶಕಗಳ ನಡವಳಿಕೆಯೇ ಹೇಳುತ್ತದೆ. ಖಾದಿ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಮೊದಲ ದೊಡ್ಡ ಪರೀಕ್ಷೆ ಬಂದದ್ದು 1942ರಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಓದುತ್ತಿದ್ದ ಎಚ್ಚೆನ್, ಕ್ವಿಟ್ ಇಂಡಿಯಾ ಕರೆ ಬಂದಾಗ ತರಗತಿ ಬಿಟ್ಟು ಚಳವಳಿಗೆ ಇಳಿದರು. ಬೆಂಗಳೂರಿನ ಸೆಂಟ್ರಲ್ ಜೈಲು, ಮೈಸೂರಿನ ಜೈಲು, ಪುಣೆಯ ಯರವಡಾ ಜೈಲು ಮೂರನ್ನೂ ಕಂಡರು. ಇಂದು ಫ್ರೀಡಂ ಪಾರ್ಕ್ ಆಗಿರುವುದು ಆ ಬೆಂಗಳೂರಿನ ಜೈಲೇ. ಪದವಿ ಕೈಗೆಟುಕುವ ಹೊತ್ತಿನಲ್ಲಿ ಓದು ನಿಂತಿತು. ಮನೆಯ ಆಸರೆಯಿಲ್ಲದ ವಿದ್ಯಾರ್ಥಿಗೆ ಒಂದು ಪದವಿ ಎಂದರೆ ಇಡೀ ಕುಟುಂಬದ ಅನ್ನ. ಅದನ್ನು ಪಣಕ್ಕಿಡುವುದು ಅನುಕೂಲಸ್ಥರ ಮಗ ಓದು ಬಿಟ್ಟಷ್ಟು ಸುಲಭವಲ್ಲ. ಬಿಡುಗಡೆಯ ನಂತರ ಅವರು ಮತ್ತೆ ಅದೇ ಕಾಲೇಜಿಗೆ ಮರಳಿ ಆನರ್ಸನ್ನೂ ಸ್ನಾತಕೋತ್ತರ ಪದವಿಯನ್ನೂ ಮುಗಿಸಿದರು. ಚಳವಳಿಗೆ ಇಳಿದದ್ದಷ್ಟೇ ಮಹತ್ವದ್ದು ಈ ಮರಳುವಿಕೆ. ಆ ಕಾಲದ ಹಲವರು ಸೆರೆಮನೆಯಿಂದ ನೇರವಾಗಿ ರಾಜಕೀಯಕ್ಕೆ ನಡೆದರು. ಸೆರೆವಾಸ ಅಧಿಕಾರಕ್ಕೆ ಏಣಿಯಾಗುತ್ತಿದ್ದ ದಿನಗಳು ಅವು. ಎಚ್ಚೆನ್ ಪ್ರಯೋಗಾಲಯಕ್ಕೆ ಮರಳಿ, 1946ರಲ್ಲಿ ತಾವು ಓದಿದ ಸಂಸ್ಥೆಯೇ ಹೊಸದಾಗಿ ಆರಂಭಿಸಿದ್ದ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು.

ಗಾಂಧಿಯಿಂದ ಅವರು ಏನನ್ನು ತೆಗೆದುಕೊಂಡರು, ಏನನ್ನು ಬಿಟ್ಟರು ಎಂಬುದು ಸ್ವಲ್ಪ ನಿಂತು ನೋಡಬೇಕಾದ ವಿಷಯ. ಗಾಂಧಿ ಆಳವಾದ ದೈವಭಕ್ತರು. ಪ್ರಾರ್ಥನೆಯಿಲ್ಲದ ದಿನ ಅವರಿಗಿರಲಿಲ್ಲ. 1934ರಲ್ಲಿ ಬಿಹಾರದ ಭೂಕಂಪವನ್ನು ಅವರು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದಾಗ ರವೀಂದ್ರನಾಥ ಟಾಗೋರರು ಬಹಿರಂಗವಾಗಿ ಆಕ್ಷೇಪಿಸಿದ್ದರು. ಪ್ರಕೃತಿಯ ಘಟನೆಗೆ ನೀತಿಯ ಕಾರಣ ಹಚ್ಚುವುದು ಅವಿವೇಕಕ್ಕೆ ದಾರಿ ಎಂಬುದು ಟಾಗೋರರ ವಾದ. ಈ ಚರ್ಚೆಯಲ್ಲಿ ಎಚ್ಚೆನ್ ಅವರ ಮನಸ್ಸು ನಿಸ್ಸಂಶಯವಾಗಿ ಟಾಗೋರರ ಕಡೆಗಿದೆ. ಅವರು ಜೀವನವಿಡೀ ಪ್ರತಿಪಾದಿಸಿದ್ದು ಅದೇ ವಿಚಾರವನ್ನು. ಆದರೆ ಗಾಂಧಿಯ ಸರಳತೆ, ಸತ್ಯದ ಹಟ, ಹೇಳಿದ್ದನ್ನು ಮೊದಲು ತನ್ನ ಮೇಲೇ ಪ್ರಯೋಗಿಸಿ ನೋಡುವ ಕ್ರಮ ಇವನ್ನು ಅವರು ಕಿಂಚಿತ್ತೂ ಕಡಿಮೆ ಮಾಡದೆ ಉಳಿಸಿಕೊಂಡರು. ಗುರುವನ್ನು ಇಡಿಯಾಗಿ ಒಪ್ಪುವುದು ಭಕ್ತಿ, ಇಡಿಯಾಗಿ ತಳ್ಳುವುದು ಬಂಡಾಯ. ಆರಿಸಿ ಒಪ್ಪಿಕೊಂಡು, ಒಪ್ಪಿಕೊಂಡದ್ದನ್ನು ದಿನವೂ ಪಾಲಿಸುವುದು ಇವೆರಡಕ್ಕಿಂತ ಕಷ್ಟ. ಖಾದಿ ಟೋಪಿಯ ಕೆಳಗೆ ವಿಚಾರವಾದಿಯೊಬ್ಬ ಇರುವುದು ಅನೇಕರಿಗೆ ವಿಚಿತ್ರವಾಗಿ ಕಂಡಿದ್ದರೆ, ಅದಕ್ಕೆ ಕಾರಣ ತತ್ವಗಳನ್ನು ಗಂಟುಕಟ್ಟಿಯೇ ಕೊಳ್ಳಬೇಕೆಂಬ ನಮ್ಮ ಅಭ್ಯಾಸ.

ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಸಂಶೋಧನೆ ನಡೆಸಿ 1960ರಲ್ಲಿ ಅವರು ಡಾಕ್ಟರೇಟ್ ಪಡೆದರು. ಆ ವಿಷಯದಲ್ಲಿ ಪದವಿ ಪಡೆದವರಿಗೆ ಅಮೆರಿಕದಲ್ಲೂ ಭಾರತದ ಹೊಸ ಅಣುವಿಜ್ಞಾನ ಸಂಸ್ಥೆಗಳಲ್ಲೂ ಬಾಗಿಲು ತೆರೆದಿದ್ದ ಕಾಲ ಅದು. ಎಚ್ಚೆನ್ ಬಸವನಗುಡಿಗೆ ಮರಳಿ, 1961ರಲ್ಲಿ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು. ಮರುವರ್ಷ ಬೆಂಗಳೂರು ಸೈನ್ಸ್ ಫೋರಂ ಆರಂಭವಾಯಿತು. ಪ್ರತಿ ಬುಧವಾರ ಸಂಜೆ ಒಬ್ಬ ವಿಜ್ಞಾನಿ ಬಂದು ಯಾರು ಬೇಕಾದರೂ ಕುಳಿತು ಕೇಳಬಹುದಾದ ಉಪನ್ಯಾಸ ಕೊಡುವುದು, ಜುಲೈ ತಿಂಗಳಲ್ಲಿ ವಿಜ್ಞಾನೋತ್ಸವ ನಡೆಸುವುದು ಅದರ ಕ್ರಮ. ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆಗಳಂಥ ಕೇಂದ್ರಗಳಿದ್ದ ನಗರದಲ್ಲಿ ವಿಜ್ಞಾನ ಆ ಸಂಸ್ಥೆಗಳ ಗೋಡೆಯೊಳಗೇ ಉಳಿಯುತ್ತಿತ್ತು. ಕಾಲೇಜು ಹುಡುಗರು, ಬ್ಯಾಂಕಿನ ನೌಕರರು, ನಿವೃತ್ತರು ಕುಳಿತು ಕೇಳಿ ಪ್ರಶ್ನೆ ಹಾಕುವ ಜಾಗಗಳು ವಿರಳವಾಗಿದ್ದವು. ಸರಳ ಬದುಕು ಎಚ್ಚೆನ್ ಅವರ ಮೊದಲ ನಿಯಮವಾದರೆ, ಪ್ರಶ್ನೆ ಕೇಳುವುದು ಎರಡನೆಯದು. ಸೈನ್ಸ್ ಫೋರಂ ಅದನ್ನು ಸಾರ್ವಜನಿಕ ಅಭ್ಯಾಸವಾಗಿಸುವ ಪ್ರಯತ್ನ. ಸಂಗೀತ, ನಾಟಕಗಳ ಕಡೆಗೂ ಅವರಿಗೆ ಇಷ್ಟೇ ಒಲವಿತ್ತು. ಬೆಂಗಳೂರು ಲಲಿತಕಲಾ ಪರಿಷತ್ತು ಅದರ ಫಲ.

ಹಾಸ್ಟೆಲ್ ಕೋಣೆಯ ಬದುಕಿನ ಬಗ್ಗೆ ಬೆಂಗಳೂರಿನಲ್ಲಿ ಬಹಳ ಮಾತುಗಳಿವೆ. ಅವುಗಳಲ್ಲಿ ಗಟ್ಟಿಯಾಗಿ ನಿಲ್ಲುವ ಸಂಗತಿ ಇಷ್ಟು: ಅವರು ಮದುವೆಯಾಗಲಿಲ್ಲ, ಸ್ವಂತ ಮನೆ ಮಾಡಿಕೊಳ್ಳಲಿಲ್ಲ, ಐದು ದಶಕಗಳಿಗೂ ಹೆಚ್ಚು ಕಾಲ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಇದ್ದರು. ಅಧ್ಯಾಪಕರಾಗಿದ್ದಾಗಲೂ, ಪ್ರಾಂಶುಪಾಲರಾಗಿದ್ದಾಗಲೂ, ಕುಲಪತಿಯಾಗಿದ್ದಾಗಲೂ, ನ್ಯಾಷನಲ್ ಎಜುಕೇಷನ್ ಸೊಸೈಟಿಯ ಅಧ್ಯಕ್ಷರಾಗಿದ್ದಾಗಲೂ ವಿಳಾಸ ಬದಲಾಗಲಿಲ್ಲ. ಇದನ್ನು ತ್ಯಾಗವೆಂದು ಹೊಗಳಿ ಮುಂದೆ ಹೋಗುವುದು ಸುಲಭ. ಆದರೆ ಅದರ ಒಳಗಿನ ಲೆಕ್ಕ ಬೇರೆ ಇದೆ. ಹುದ್ದೆಯೊಂದಿಗೆ ಬಂಗಲೆ, ಕಾರು, ಆಳುಕಾಳು ಬರುತ್ತವೆ. ಹುದ್ದೆ ಹೋದಾಗ ಅವೆಲ್ಲ ಹೋಗುತ್ತವೆ. ಅವುಗಳಿಗೆ ಒಗ್ಗಿಕೊಂಡವನು ಹುದ್ದೆ ಕಳೆದುಕೊಳ್ಳುವ ಮಾತು ಬಂದಾಗ ಯೋಚಿಸುವ ರೀತಿಯೇ ಬೇರೆಯಾಗುತ್ತದೆ. ಎಚ್ಚೆನ್ ಅವರಿಂದ ಕಿತ್ತುಕೊಳ್ಳಲು ಸರ್ಕಾರದ ಬಳಿಯಾಗಲಿ ಸಮಾಜದ ಬಳಿಯಾಗಲಿ ಏನೂ ಇರಲಿಲ್ಲ. ಸರಳತೆ ಅವರಿಗೆ ನಿರ್ಭಯವನ್ನು ತಂದುಕೊಟ್ಟಿತು. 1976ರಲ್ಲಿ ಅವರು ಮಾಡಿದ್ದನ್ನು ಮಾಡಲು ಆ ನಿರ್ಭಯ ಬೇಕಿತ್ತು.

ಕುಲಪತಿಯಾಗಿ ಅವರು ಜ್ಞಾನಭಾರತಿಗೆ ಬಂದಾಗ ಅಲ್ಲಿ ಎದ್ದಿದ್ದ ಕಟ್ಟಡಗಳು ಕೆಲವೇ, ಸುತ್ತ ಬಯಲು. ನಗರದಿಂದ ದೂರವೆಂಬ ಗೊಣಗಾಟ ಅಧ್ಯಾಪಕರಲ್ಲೂ ವಿದ್ಯಾರ್ಥಿಗಳಲ್ಲೂ ಇದ್ದದ್ದು ಸಹಜ. ವಿಭಾಗಗಳನ್ನು ಸೆಂಟ್ರಲ್ ಕಾಲೇಜಿನಿಂದ ಹೊಸ ಆವರಣಕ್ಕೆ ತರುವ ಕೆಲಸ ಅವರ ಅವಧಿಯಲ್ಲಿ ನಡೆಯಿತು. ಅವರ ಕಾಲದ ಒಂದು ನಿರ್ಧಾರ ವಿಶೇಷವಾಗಿ ಉಲ್ಲೇಖನೀಯ: ವಿಶ್ವವಿದ್ಯಾಲಯದಲ್ಲಿ ನೃತ್ಯ, ನಾಟಕ, ಸಂಗೀತದ ಅಧ್ಯಯನಕ್ಕೆ ವಿಭಾಗ ತೆರೆದದ್ದು. ಪರಮಾಣು ವಿಜ್ಞಾನಿಯೊಬ್ಬರು ಗುರುಕುಲ, ಮನೆಪಾಠಗಳಲ್ಲಿದ್ದ ಕಲೆಗಳನ್ನು ಪದವಿಯ ಶಿಸ್ತಿಗೆ ತಂದರು ಎಂಬುದು ಅವರ ವಿಚಾರವಾದ ಒಣ ವಾದವಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಅದೇ ಆವರಣದಲ್ಲಿ ಜಿ.ಎಸ್. ಶಿವರುದ್ರಪ್ಪನವರ ನೇತೃತ್ವದ ಕನ್ನಡ ಅಧ್ಯಯನ ಕೇಂದ್ರ ಹೊಸ ತಲೆಮಾರಿನ ಬರಹಗಾರರಿಗೆ ಮನೆಯಾಯಿತು. ಸಿದ್ಧಲಿಂಗಯ್ಯನವರಂಥ ಕವಿಗಳು ಅಲ್ಲಿ ಓದಿ, ಮುಂದೆ ಅಲ್ಲೇ ಪಾಠ ಹೇಳಿದರು. 1970ರ ದಶಕದ ಕರ್ನಾಟಕದಲ್ಲಿ ದಲಿತ ಚಳವಳಿ, ಹಿಂದುಳಿದ ವರ್ಗಗಳ ಎಚ್ಚರ, ರೈತರ ಪ್ರಶ್ನೆಗಳು ಒಟ್ಟಿಗೆ ಮೇಲೆದ್ದ ಹೊತ್ತು ಅದು. ಪ್ರಶ್ನೆ ಕೇಳಬೇಕೆಂದು ಹೇಳುವ ಕುಲಪತಿ ಮತ್ತು ಪ್ರಶ್ನೆಗಳನ್ನು ತುಂಬಿಕೊಂಡು ಬಂದ ವಿದ್ಯಾರ್ಥಿಗಳು ಒಂದೇ ಕಾಲಕ್ಕೆ ಒಂದೇ ಆವರಣದಲ್ಲಿ ಸೇರಿದರು.

1976ರಲ್ಲಿ ವಿಶ್ವವಿದ್ಯಾಲಯ ಒಂದು ಸಮಿತಿಯನ್ನು ನೇಮಿಸಿತು. ಪವಾಡಗಳನ್ನೂ, ಪರೀಕ್ಷಿಸಿ ನೋಡಬಹುದಾದ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ತನಿಖೆ ಮಾಡುವುದು ಅದರ ಕೆಲಸ. ಎಚ್ಚೆನ್ ಅದರ ಅಧ್ಯಕ್ಷರು. ಪರೀಕ್ಷಿಸಬಹುದಾದ ಎಂಬ ಮಿತಿ ಇಲ್ಲಿ ಮುಖ್ಯ. ದೇವರಿದ್ದಾನೆಯೇ, ಆತ್ಮವಿದೆಯೇ ಎಂಬ ಚರ್ಚೆಗೆ ಸಮಿತಿ ಕೈಹಾಕಲಿಲ್ಲ. ಶೂನ್ಯದಿಂದ ವಸ್ತು ಸೃಷ್ಟಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ, ಅದು ಭೌತವಿಜ್ಞಾನದ ಮೂಲನಿಯಮಗಳಿಗೆ ವಿರುದ್ಧವಾದ ಹೇಳಿಕೆ. ಹಾಗಾಗಿ ಅದನ್ನು ಪರೀಕ್ಷಿಸುವುದು ಭೌತವಿಜ್ಞಾನಿಯ ಕೆಲಸ. ಇದು ಅವರ ನಿಲುವು.

ಆ ಕಾಲದಲ್ಲಿ ಕೈಯಾಡಿಸಿ ವಿಭೂತಿ, ಉಂಗುರ, ಸರಗಳನ್ನು ಸೃಷ್ಟಿಸುತ್ತಾರೆ ಎಂದು ದೇಶದ ತುಂಬ ಪ್ರಸಿದ್ಧರಾಗಿದ್ದವರು ಪುಟ್ಟಪರ್ತಿಯ ಸತ್ಯ ಸಾಯಿಬಾಬಾ. ಮಂತ್ರಿಗಳು, ನ್ಯಾಯಾಧೀಶರು, ವಿಜ್ಞಾನಿಗಳು ಅವರ ಭಕ್ತರಾಗಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯ ಕುರ್ಚಿಯಲ್ಲಿ ಎಚ್ಚೆನ್ ಅವರಿಗಿಂತ ಮೊದಲು, 1960ರ ದಶಕದಲ್ಲಿ, ಕುಳಿತಿದ್ದ ವಿ.ಕೃ. ಗೋಕಾಕರೂ ಸಾಯಿಬಾಬಾ ಭಕ್ತರೇ. ಮುಂದೆ 1981ರಲ್ಲಿ ಅವರು ಪುಟ್ಟಪರ್ತಿಯ ಸತ್ಯ ಸಾಯಿ ಸಂಸ್ಥೆಯ ಕುಲಪತಿಯಾದರು. ಗೋಕಾಕರ ಭಕ್ತಿ ಪ್ರಾಮಾಣಿಕವಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಒಂದೇ ಕುರ್ಚಿಯಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ ಕುಳಿತ ಇಬ್ಬರು ವಿದ್ವಾಂಸರು ಇಷ್ಟು ದೂರದ ದಿಕ್ಕುಗಳಿಗೆ ಹೋದದ್ದು, ವಿದ್ಯೆ ಒಂದೇ ಮನುಷ್ಯನ ನಿಲುವನ್ನು ತೀರ್ಮಾನಿಸುವುದಿಲ್ಲ ಎಂಬುದನ್ನು ತೋರಿಸುತ್ತದೆ. ಓದಿದ್ದನ್ನು ಯಾವ ನಿಯಮದ ಅಡಿಯಲ್ಲಿ ಬದುಕಿಗೆ ಅನ್ವಯಿಸಿಕೊಳ್ಳುತ್ತಾನೆ ಎಂಬುದು ತೀರ್ಮಾನಿಸುತ್ತದೆ.

ಎಚ್ಚೆನ್ ಸಾಯಿಬಾಬಾ ಅವರಿಗೆ ಪತ್ರ ಬರೆದು, ಸಮಿತಿಯ ಮುಂದೆ ನಿಯಂತ್ರಿತ ಸನ್ನಿವೇಶದಲ್ಲಿ ತಮ್ಮ ಪವಾಡಗಳನ್ನು ತೋರಿಸಬೇಕೆಂದು ಸೌಜನ್ಯದಿಂದಲೇ ಕೇಳಿಕೊಂಡರು. ಒಟ್ಟು ಮೂರು ಪತ್ರಗಳು ಹೋದವು. ಸಮಿತಿಗೆ ಉತ್ತರ ಬರಲಿಲ್ಲ. ಪತ್ರಗಳು ಪತ್ರಿಕೆಗಳಲ್ಲಿ ಬಂದಾಗ ದೇಶದಾದ್ಯಂತ ವಾದ ಹತ್ತಿಕೊಂಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮುಂಬಯಿಯ ಬ್ಲಿಟ್ಜ್ ವಾರಪತ್ರಿಕೆಯ ಸಂಪಾದಕ ಆರ್.ಕೆ. ಕರಂಜಿಯಾ ನಡೆಸಿದ ಸಂದರ್ಶನದಲ್ಲಿ ಸಾಯಿಬಾಬಾ ಈ ವಿಷಯಕ್ಕೆ ಪ್ರತಿಕ್ರಿಯಿಸಿದರು. ವಿಜ್ಞಾನ ಇಂದ್ರಿಯಗಳಿಗೆ ನಿಲುಕುವ ಸಂಗತಿಗಳಿಗೆ ಸೀಮಿತವಾಗಿರಬೇಕು, ಅಧ್ಯಾತ್ಮ ಅದನ್ನು ಮೀರಿದ್ದು ಎಂಬುದು ಅವರ ಉತ್ತರದ ಸಾರ. ಎಚ್ಚೆನ್ ಅವರ ವಾದ ನೇರವಾಗಿತ್ತು: ಕೈಯಿಂದ ಹೊರಬಂದ ಉಂಗುರ ಇಂದ್ರಿಯಗಳಿಗೆ ನಿಲುಕುವ ವಸ್ತುವೇ. ಅಂಗೈಯಲ್ಲಿ ಅಡಗಿಸಬಹುದಾದ ಉಂಗುರದ ಬದಲು ಅಡಗಿಸಲಾಗದ ಒಂದು ಕುಂಬಳಕಾಯಿಯನ್ನು ಸೃಷ್ಟಿಸಿ ತೋರಿಸಲಿ ಎಂದು ಅವರು ಕೇಳಿದ್ದು ಜನರ ನಾಲಿಗೆಯ ಮೇಲೆ ಉಳಿದುಬಿಟ್ಟಿತು. ನಗೆ ತರಿಸುವ ಮಾತಿನಂತೆ ಕಂಡರೂ ಅದು ಪ್ರಯೋಗಾಲಯದ ತರ್ಕ. ಮೋಸದ ಸಾಧ್ಯತೆಯನ್ನು ಮುಚ್ಚುವ ಪರೀಕ್ಷೆಯನ್ನು ಮೊದಲು ರೂಪಿಸು, ಆಮೇಲೆ ಫಲಿತಾಂಶವನ್ನು ನೋಡು ಎಂಬುದಷ್ಟೇ ಅದರ ಅರ್ಥ.

ಸಮಿತಿ ಪರೀಕ್ಷಿಸಿದ ಒಂದು ಪ್ರಕರಣ ಮಂಡ್ಯ ಜಿಲ್ಲೆಯ ಪಾಂಡವಪುರದ್ದು. ಅಲ್ಲಿ ಒಬ್ಬ ಪುಟ್ಟ ಬಾಲಕ ವಿಭೂತಿ ಸೃಷ್ಟಿಸುತ್ತಾನೆಂದು ಜನ ಕಿಕ್ಕಿರಿಯುತ್ತಿದ್ದರು. ಸದಸ್ಯರು ಹೋಗಿ ನೋಡಿದಾಗ ವಿಭೂತಿ ಬಟ್ಟೆಯೊಳಗೆ ಮೊದಲೇ ಅಡಗಿದ್ದದ್ದು ಬಯಲಾಯಿತು. ಇಲ್ಲಿ ಮಗುವಿನ ತಪ್ಪಿಗಿಂತ ಮಗುವನ್ನು ಮುಂದಿಟ್ಟ ದೊಡ್ಡವರ ತಪ್ಪು ದೊಡ್ಡದು.

ವಿರೋಧವೂ ಕಡಿಮೆಯಿರಲಿಲ್ಲ. ವಿಶ್ವವಿದ್ಯಾಲಯದ ಕೆಲಸ ಪಾಠ, ಪರೀಕ್ಷೆ; ಜನರ ನಂಬಿಕೆಯಲ್ಲಿ ಕೈಯಾಡಿಸುವುದಲ್ಲ ಎಂಬ ಮಾತು ಬಂತು. ಸಾರ್ವಜನಿಕ ಸಂಸ್ಥೆಯ ಅಧಿಕಾರವನ್ನು ಒಬ್ಬ ವ್ಯಕ್ತಿಯ ವಿರುದ್ಧ ಬಳಸಬಹುದೇ ಎಂದು ಕೇಳಿದವರೂ ಇದ್ದರು. ಈ ಕೊನೆಯ ಪ್ರಶ್ನೆಗೆ ತೂಕವಿದೆ. ಆದರೆ ಸಮಿತಿ ಯಾರನ್ನೂ ಶಿಕ್ಷಿಸಲಿಲ್ಲ, ಯಾರ ಪೂಜೆಯನ್ನೂ ತಡೆಯಲಿಲ್ಲ. ಸಾರ್ವಜನಿಕವಾಗಿ ಮಾಡಿದ ಒಂದು ಹೇಳಿಕೆಯನ್ನು ಸಾರ್ವಜನಿಕವಾಗಿ ಪರೀಕ್ಷಿಸಲು ಅವಕಾಶ ಕೇಳಿತು. ಅದೇ ವರ್ಷ ಸಂಸತ್ತು ಅಂಗೀಕರಿಸಿದ 42ನೇ ತಿದ್ದುಪಡಿ ಸಂವಿಧಾನಕ್ಕೆ 51ಎ ವಿಧಿಯನ್ನು ಸೇರಿಸಿತು. ವೈಜ್ಞಾನಿಕ ಮನೋಭಾವ, ಮಾನವತೆ, ಪ್ರಶ್ನಿಸುವ ಮತ್ತು ಸುಧಾರಿಸುವ ಮನೋಧರ್ಮವನ್ನು ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯ ಎಂದು ಅದರ ಒಂದು ಉಪವಿಧಿ ಹೇಳುತ್ತದೆ. ತುರ್ತು ಪರಿಸ್ಥಿತಿಯ ಆ ತಿದ್ದುಪಡಿಯಲ್ಲಿ ಆಕ್ಷೇಪಾರ್ಹವಾದದ್ದು ಬಹಳವಿತ್ತು. ಈ ಸಾಲು ಮಾತ್ರ ಉಳಿಯಬೇಕಾದದ್ದೇ. ಅಮೆರಿಕದ ಬಫಲೋದಲ್ಲಿ ಅತೀಂದ್ರಿಯ ಹೇಳಿಕೆಗಳನ್ನು ಪರೀಕ್ಷಿಸಲು ತತ್ವಶಾಸ್ತ್ರಜ್ಞ ಪಾಲ್ ಕರ್ಟ್ಜ್ ನೇತೃತ್ವದಲ್ಲಿ ಅಂತರರಾಷ್ಟ್ರೀಯ ಸಮಿತಿಯೊಂದು ಹುಟ್ಟಿದ್ದೂ 1976ರಲ್ಲೇ. ಎಚ್ಚೆನ್ ಮುಂದೆ ಅದರ ಫೆಲೋ ಆದರು.

1977ರಲ್ಲಿ ಅವರ ಅವಧಿ ಮುಗಿಯಿತು, ಸಮಿತಿಯೂ ವಿಸರ್ಜನೆಯಾಯಿತು. ತತ್ವನಿಷ್ಠೆಯ ಮಿತಿ ಕಾಣುವುದು ಇಲ್ಲೇ. ಖಾದಿ, ಹಾಸ್ಟೆಲ್ ಕೋಣೆ, ಪ್ರಶ್ನೆ ಇವು ಎಚ್ಚೆನ್ ಅವರವು. ಕುಲಪತಿಯ ಹುದ್ದೆಯ ಗುಣಗಳಲ್ಲ. ಹುದ್ದೆಯನ್ನು ಮುಂದಿನವರಿಗೆ ಬಿಟ್ಟುಕೊಡಬಹುದು, ಸ್ವಭಾವವನ್ನು ಬಿಟ್ಟುಕೊಡಲಾಗದು. ಸಮಿತಿ ಒಬ್ಬ ವ್ಯಕ್ತಿಯ ಧೈರ್ಯದ ಮೇಲೆ ನಿಂತಿತ್ತು. ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿ ಅದು ಬೇರು ಬಿಟ್ಟಿರಲಿಲ್ಲ. ಹೋಲಿಸಿ ನೋಡಿದರೆ ಸೈನ್ಸ್ ಫೋರಂ ಹೆಚ್ಚು ಕಾಲ ಬಾಳಿತು. ಅದಕ್ಕೆ ಕಾರಣ ಸರಳ: ಅದು ಜನರಿಗೆ ಪ್ರತಿ ವಾರದ ರೂಢಿಯಾಗಿತ್ತು, ನಡೆಸುವವರು ಬದಲಾದರೂ ಬುಧವಾರ ಬರುತ್ತಿತ್ತು.

ಉಲ್ಲಾಳದ ಇನ್ನೊಂದು ಬದಿಯಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಿರ್ಮಿಸಿದ ಬಡಾವಣೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ತತ್ವನಿಷ್ಠೆಯ ಮಾತು ಬಂದಾಗ ಕನ್ನಡಿಗರ ನೆನಪಿಗೆ ಮೊದಲು ಬರುವ ಹೆಸರೂ ಅದೇ. 1912ರಲ್ಲಿ ಮೈಸೂರಿನ ದಿವಾನರಾಗುವ ಮೊದಲು ಅವರು ನೆಂಟರಿಷ್ಟರು ತಮ್ಮ ಬಳಿ ಯಾವ ಶಿಫಾರಸನ್ನೂ ತರಬಾರದೆಂದು ಕಟ್ಟುನಿಟ್ಟು ಮಾಡಿದ್ದು ಪ್ರಸಿದ್ಧ. ಅವರು ದಿವಾನಗಿರಿ ಬಿಟ್ಟದ್ದೂ ತತ್ವದ ಪ್ರಶ್ನೆಗೇ. ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ಕೊಡುವ ವಿಷಯವನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ನೇಮಕಕ್ಕೆ ಅರ್ಹತೆಯೊಂದೇ ಮಾನದಂಡವಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯ ಅದನ್ನು ಒಪ್ಪಲಾರದೆ ಆ ವರ್ಷದ ಕೊನೆಗೆ ಹೊರಬಂದರು. ಹುದ್ದೆಗಿಂತ ನಂಬಿಕೆ ದೊಡ್ಡದೆಂದು ತೋರಿಸಿದ ನಡೆ ಅದು. ಅವರ ಪ್ರಾಮಾಣಿಕತೆಯನ್ನು ಯಾರೂ ಅನುಮಾನಿಸಿಲ್ಲ. ಆದರೆ ಆ ವಾದದಲ್ಲಿ ನ್ಯಾಯ ಮಹಾರಾಜರ ಕಡೆಗಿತ್ತು. ಕರ್ನಾಟಕದ ಮುಂದಿನ ಇತಿಹಾಸ ಮಿಲ್ಲರ್ ಸಮಿತಿ ತೋರಿದ ದಾರಿಯಲ್ಲೇ ನಡೆಯಿತು. ಹೊಸೂರಿನ ಬಡ ಹುಡುಗನಂಥವರು ಕುಲಪತಿಯಾಗುವ ನಾಡು ರೂಪುಗೊಂಡದ್ದು ಅವಕಾಶಗಳು ಹೀಗೆ ಹರಡಿದ್ದರಿಂದ. ನಿಷ್ಠೆ ಎಷ್ಟೇ ಗಟ್ಟಿಯಾಗಿದ್ದರೂ ತತ್ವ ಸರಿಯೇ ಎಂಬ ಪ್ರಶ್ನೆ ಬೇರೆಯಾಗಿಯೇ ಉಳಿಯುತ್ತದೆ. ಪ್ರಶ್ನಿಸುವುದನ್ನೇ ನಿಯಮವಾಗಿಸಿಕೊಂಡ ಎಚ್ಚೆನ್ ಅವರ ದಾರಿಗೆ ಇರುವ ಬಲ ಇದು: ಅದು ತನ್ನನ್ನೂ ಪರೀಕ್ಷೆಗೆ ಒಡ್ಡಿಕೊಳ್ಳುತ್ತದೆ.

ಕುಲಪತಿ ಹುದ್ದೆಯ ನಂತರ ಅವರು ನ್ಯಾಷನಲ್ ಎಜುಕೇಷನ್ ಸೊಸೈಟಿಯ ಕೆಲಸಕ್ಕೆ ಪೂರ್ತಿಯಾಗಿ ಮರಳಿದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಆ ಸಂಸ್ಥೆಯ ಕಾಲೇಜುಗಳು ನಡೆದವು. ಎರಡೂ ಬಯಲುಸೀಮೆಯ ಒಣ ತಾಲ್ಲೂಕುಗಳು; ಅಲ್ಲಿನ ಹುಡುಗ ಹುಡುಗಿಯರು ಪದವಿಗಾಗಿ ಬೆಂ‌ಗಳೂರಿಗೆ ಬರಬೇಕಿತ್ತು, ಬರಲಾಗದವರು ಓದು ಬಿಡಬೇಕಿತ್ತು. 1970, 80ರ ದಶಕಗಳಲ್ಲಿ ಕರ್ನಾಟಕ ವಂತಿಗೆ ಕಾಲೇಜುಗಳ ನಾಡೆಂದು ದೇಶದಲ್ಲೆಲ್ಲ ಹೆಸರಾಗಿತ್ತು. ಅದನ್ನು ತಡೆಯಲು 1984ರಲ್ಲಿ ರಾಜ್ಯ ಸರ್ಕಾರ ಕಾಯ್ದೆಯನ್ನೇ ತರಬೇಕಾಯಿತು. ಲಕ್ಷಗಟ್ಟಲೆ ಹಣಕ್ಕೆ ಸೀಟು ಮಾರುವ ಪದ್ಧತಿಯನ್ನು ಎಚ್ಚೆನ್ ಬಹಿರಂಗವಾಗಿ ವಿರೋಧಿಸಿದರು. ಸ್ವಂತಕ್ಕೆ ಹಣ ಬೇಡದವರು ಸಂಸ್ಥೆಗೂ ಅಂಥ ಹಣ ಬೇಡ ಎಂದು ಹೇಳಬಲ್ಲರು. ಅದೇ 1984ರಲ್ಲಿ ಅವರಿಗೆ ಪದ್ಮಭೂಷಣ ಬಂತು. ತಮ್ಮ ಲೇಖನಗಳನ್ನು ‘ತೆರೆದ ಮನ’ ಎಂಬ ಹೆಸರಿನಲ್ಲೂ ಆತ್ಮಕಥೆಯನ್ನು ‘ಹೋರಾಟದ ಹಾದಿ’ ಎಂಬ ಹೆಸರಿನಲ್ಲೂ ಅವರು ಕನ್ನಡದಲ್ಲೇ ಬರೆದರು. 2005ರ ಜನವರಿ 31ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 84 ವರ್ಷ.

ಉಲ್ಲಾಳ ಈ ನಡುವೆ ನಗರದ ಒಳಗೆ ಸೇರಿಹೋಯಿತು. ಜ್ಞಾನಭಾರತಿಯ ಸುತ್ತ ಬಡಾವಣೆಗಳು ತುಂಬಿಕೊಂಡವು. ಆವರಣದ ರಸ್ತೆಗಳು ಉಲ್ಲಾಳ, ಮಲ್ಲತ್ತಹಳ್ಳಿ ಕಡೆಯ ವಾಹನಗಳಿಗೆ ಅಡ್ಡದಾರಿಗಳಾದವು. ವಿಶ್ವವಿದ್ಯಾಲಯದ ನೆರೆಯ ನಾಗರಭಾವಿಯಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯೂ ರಾಷ್ಟ್ರೀಯ ಕಾನೂನು ಶಾಲೆಯೂ ಬೆಳೆದವು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಭಾಗವಾಗಿ, ಸೆಂಟ್ರಲ್ ಕಾಲೇಜು ಬೇರೆ ವಿಶ್ವವಿದ್ಯಾಲಯದ ಪಾಲಾಯಿತು. ಜ್ಞಾನಭಾರತಿ ಮೂಲ ವಿಶ್ವವಿದ್ಯಾಲಯಕ್ಕೆ ಉಳಿಯಿತು. ಕೆಂಗೇರಿಯವರೆಗೆ ವಿಸ್ತರಿಸಿದ ನಮ್ಮ ಮೆಟ್ರೊ ನೇರಳೆ ಮಾರ್ಗದಲ್ಲಿ 2021ರ ಆಗಸ್ಟ್‌ನಿಂದ ಜ್ಞಾನಭಾರತಿ ಹೆಸರಿನ ನಿಲ್ದಾಣವೂ ಇದೆ.

1976ರ ಸಮಿತಿ ಎತ್ತಿದ ಪ್ರಶ್ನೆ ನಾಲ್ಕು ದಶಕಗಳ ನಂತರ ಬೇರೆ ರೂಪದಲ್ಲಿ ವಿಧಾನಸೌಧವನ್ನು ತಲುಪಿತು. ದೀರ್ಘ ಚರ್ಚೆ, ತೀವ್ರ ವಿರೋಧ, ಹಲವು ತಿದ್ದುಪಡಿಗಳ ಬಳಿಕ 2017ರಲ್ಲಿ ರಾಜ್ಯದ ಶಾಸನಸಭೆ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕಾಯ್ದೆಯನ್ನು ಅಂಗೀಕರಿಸಿತು. ದೇಹಕ್ಕೂ ಪ್ರಾಣಕ್ಕೂ ಹಾನಿ ಮಾಡುವ ಆಚರಣೆಗಳನ್ನು ಅದು ಅಪರಾಧವೆಂದು ಗುರುತಿಸುತ್ತದೆ. ಹಾನಿಯನ್ನು ತಡೆಯುವುದು ಕಾಯ್ದೆಯ ವ್ಯಾಪ್ತಿ; ಹೇಳಿಕೆ ನಿಜವೇ ಎಂದು ತನಿಖೆ ಮಾಡುವ, ಎಚ್ಚೆನ್ ಬಯಸಿದ್ದ ಕೆಲಸ ಅದರ ವ್ಯಾಪ್ತಿಯಲ್ಲಿಲ್ಲ. 2020ರ ಜನವರಿಯಲ್ಲಿ, ಅವರ ಜನ್ಮಶತಮಾನೋತ್ಸವದ ವರ್ಷದಲ್ಲಿ, ಆ ಕಾಯ್ದೆ ಜಾರಿಗೆ ಬಂತು.